ಕ್ವೀನ್ಸ್‌ಲ್ಯಾಂಡ್ ಮನೆಗೆ ಸ್ಮೋಕ್ ಅಲಾರಂ: ಕಾನೂನು ಕೇಳುವುದೇನು, ಹಾಕಿಸುವುದು ಹೇಗೆ

ಬ್ರಿಸ್ಬೇನ್, ಗೋಲ್ಡ್ ಕೋಸ್ಟ್, ಟೌನ್ಸ್‌ವಿಲ್ ಕಡೆ ಸ್ವಂತ ಮನೆ ಮಾಡಿಕೊಂಡಿರುವ ಕನ್ನಡಿಗರು 2027ರ ಜನವರಿ 1 ಎಂಬ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಬೇಕು. ಅವತ್ತಿನಿಂದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪ್ರತಿ ಮನೆಯ ಪ್ರತಿ ಬೆಡ್‌ರೂಮಿನಲ್ಲೂ ಸ್ಮೋಕ್ ಅಲಾರಂ ಇರಬೇಕು. ಅವೆಲ್ಲ ಒಂದಕ್ಕೊಂದು ಜೋಡಣೆಯಾಗಿರಬೇಕು. ಒಂದು ಕೂಗಿದರೆ ಎಲ್ಲವೂ ಕೂಗಬೇಕು. ಹಾಲ್‌ನಲ್ಲಿ ಒಂದು ಡಬ್ಬಿ ನೇತುಹಾಕಿ ‘ಆಯ್ತು’ ಅನ್ನುವ ಕಾಲ ಮುಗಿಯಿತು.

ಇದು ಒಂದೇ ಸಲ ಬಂದ ಕಾನೂನಲ್ಲ. ಹೊಸದಾಗಿ ಕಟ್ಟಿದ ಮತ್ತು ದೊಡ್ಡ ಮಟ್ಟದಲ್ಲಿ ನವೀಕರಿಸಿದ ಮನೆಗಳಿಗೆ 2017ರ ಜನವರಿ 1ರಿಂದಲೇ ಇದೆ. ಬಾಡಿಗೆಗೆ ಕೊಡುವ ಮತ್ತು ಮಾರುವ ಮನೆಗಳಿಗೆ 2022ರ ಜನವರಿ 1ರಿಂದ ಬಂತು. ಉಳಿದದ್ದು ಮಾಲೀಕರೇ ವಾಸ ಇರುವ ಹಳೆ ಮನೆಗಳು. ಅವುಗಳ ಸರದಿ 2027. ನಿಮ್ಮ ಮನೆ ಈ ಮೂರರಲ್ಲಿ ಯಾವ ಗುಂಪಿಗೆ ಸೇರುತ್ತದೆ ಎಂದು ಮೊದಲು ನೋಡಿಕೊಳ್ಳಿ. ಕಳೆದ ಕೆಲವು ವರ್ಷಗಳಲ್ಲಿ ಕೊಂಡ ಮನೆಯಾದರೆ ಹಿಂದಿನ ಮಾಲೀಕರೇ ಕೆಲಸ ಮುಗಿಸಿರಬಹುದು. ಆದರೂ ಒಂದು ಸಲ ಪರೀಕ್ಷೆ ಮಾಡಿ, ಸುಮ್ನೆ ನಂಬಬೇಡಿ.

ಇನ್ನೊಂದು ಮಾತು. ಆಸ್ಟ್ರೇಲಿಯಾದಲ್ಲಿ ಈ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಮೆಲ್ಬರ್ನ್‌ನಲ್ಲಿರುವ ಭಾವನ ಮನೆಯಲ್ಲಿ ಎಷ್ಟಿವೆ ಎಂದು ಕೇಳಿ ಅಷ್ಟೇ ತಂದು ಹಾಕಬೇಡಿ.

ಈ ಕಾನೂನು ಯಾಕೆ ಬಂತು

2011ರ ಆಗಸ್ಟ್‌ನಲ್ಲಿ ಬ್ರಿಸ್ಬೇನ್‌ನ ದಕ್ಷಿಣಕ್ಕಿರುವ ಲೋಗನ್‌ನ ಸ್ಲ್ಯಾಕ್ಸ್ ಕ್ರೀಕ್‌ನಲ್ಲಿ ನಡುರಾತ್ರಿ ಒಂದು ಮನೆಗೆ ಬೆಂಕಿ ಬಿತ್ತು. ಪೆಸಿಫಿಕ್ ದ್ವೀಪಗಳಿಂದ ಬಂದ ಒಂದೇ ಬಳಗದ 11 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಈ ಸಾವುಗಳ ತನಿಖೆ ಮಾಡಿದ ಕೊರೋನರ್ 2014ರಲ್ಲಿ ವರದಿ ಕೊಟ್ಟರು. ಮಲಗುವ ಕೋಣೆಗಳಲ್ಲೂ ಅಲಾರಂ ಬೇಕು, ಎಲ್ಲವೂ ಜೋಡಣೆಯಾಗಿರಬೇಕು ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು. 2016ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಧಾನಸಭೆ ತಿದ್ದುಪಡಿ ಪಾಸು ಮಾಡಿತು.

ಇದರ ಹಿಂದಿನ ಲೆಕ್ಕ ಸರಳ. ನಿದ್ದೆಯಲ್ಲಿ ಮೂಗು ನಮ್ಮನ್ನು ಎಬ್ಬಿಸುವುದಿಲ್ಲ. ಕೆಳಗಿನ ಕೋಣೆಯಲ್ಲಿ ಚಾರ್ಜರ್ ಸುಡುತ್ತಿದ್ದರೆ ಮೇಲೆ ಬಾಗಿಲು ಹಾಕಿಕೊಂಡು ಮಲಗಿದವರಿಗೆ ಹಾಲ್‌ನ ಅಲಾರಂ ಸರಿಯಾಗಿ ಕೇಳಿಸುವುದೂ ಇಲ್ಲ. ಅಲಾರಂ ಮೂರು ಮೀಟರ್ ದೂರದಲ್ಲಿ ಕನಿಷ್ಠ 85 ಡೆಸಿಬಲ್ ಕೂಗಬೇಕು ಎಂಬುದು ಮಾನದಂಡ. ನಡುವೆ ಎರಡು ಬಾಗಿಲು, ಒಂದು ಫ್ಯಾನ್, ಒಂದು ಏಸಿ ಬಂದರೆ ಆ ಸದ್ದು ಎಷ್ಟು ಉಳಿಯುತ್ತದೆ? ಅದಕ್ಕೇ ತಲೆಯ ಮೇಲೊಂದು ಬೇಕು.

ಹೆಜ್ಜೆ 1: ಈಗ ಇರುವುದನ್ನು ಇಳಿಸಿ ನೋಡಿ

ಏಣಿ ಹಾಕಿ, ಚಾವಣಿಯಲ್ಲಿರುವ ಅಲಾರಂ ಅನ್ನು ತಿರುಗಿಸಿ ಬಿಚ್ಚಿ. ಬಹಳಷ್ಟು ಮಾಡೆಲ್‌ಗಳು ತಳಪಟ್ಟಿಯಿಂದ ಹಾಗೇ ಬಿಡಿಸಿಕೊಳ್ಳುತ್ತವೆ. ಹಿಂದೆ ಕರೆಂಟ್ ವೈರ್ ಕಂಡರೆ ಅಲ್ಲಿಗೇ ನಿಲ್ಲಿಸಿ, ಮುಂದಿನದು ಎಲೆಕ್ಟ್ರಿಷಿಯನ್ ಕೆಲಸ.

ಬೆನ್ನಿನ ಮೇಲಿನ ಲೇಬಲ್‌ನಲ್ಲಿ ಮೂರು ವಿಷಯ ಓದಬೇಕು. ಮೊದಲು ತಯಾರಾದ ತಾರೀಖು. ಹತ್ತು ವರ್ಷ ದಾಟಿದ್ದರೆ ಅದನ್ನು ಬದಲಿಸಲೇಬೇಕು. ಇದಕ್ಕೆ 2027ರವರೆಗೆ ಕಾಯುವ ಹಾಗಿಲ್ಲ, ಈ ನಿಯಮ 2017ರಿಂದಲೇ ಜಾರಿಯಲ್ಲಿದೆ. ಟೆಸ್ಟ್ ಬಟನ್ ಒತ್ತಿದಾಗ ಕೂಗದ ಅಲಾರಂ ಎಷ್ಟೇ ಹೊಸದಾಗಿದ್ದರೂ ತಕ್ಷಣ ಬದಲಿಸಬೇಕು. ನೆನಪಿಡಿ, ಲೆಕ್ಕಕ್ಕೆ ಬರುವುದು ತಯಾರಾದ ದಿನ, ನೀವು ಹಾಕಿಸಿದ ದಿನ ಅಲ್ಲ. ಅಂಗಡಿಯ ಶೆಲ್ಫ್‌ನಲ್ಲಿ ಎರಡು ವರ್ಷ ಕೂತಿದ್ದರೆ ಅಷ್ಟು ಆಯುಸ್ಸು ಆಗಲೇ ಕಳೆದಿರುತ್ತದೆ.

ಎರಡನೆಯದು ಎಎಸ್ 3786-2014 ಎಂಬ ಆಸ್ಟ್ರೇಲಿಯಾದ ಮಾನದಂಡದ ಗುರುತು. ಊರಿಂದ ತಂದದ್ದು, ಆನ್‌ಲೈನ್‌ನಲ್ಲಿ ಯಾವುದೋ ದೇಶದಿಂದ ಅಗ್ಗಕ್ಕೆ ತರಿಸಿದ್ದು ಚೆನ್ನಾಗಿಯೇ ಕೂಗಬಹುದು. ಆದರೆ ಈ ಗುರುತಿಲ್ಲದಿದ್ದರೆ ಕಾನೂನಿನ ಕಣ್ಣಲ್ಲಿ ಅದು ಇಲ್ಲದ ಹಾಗೆ.

ಮೂರನೆಯದು ಅದರ ಬಗೆ. ಬೇಕಾಗಿರುವುದು ಫೋಟೋಎಲೆಕ್ಟ್ರಿಕ್. ಇದರ ಒಳಗೆ ಒಂದು ಬೆಳಕಿನ ಕಿರಣ ಇರುತ್ತದೆ. ಹೊಗೆಯ ಕಣ ಅಡ್ಡ ಬಂದಾಗ ಬೆಳಕು ಚದುರಿ ಸೆನ್ಸರ್‌ಗೆ ತಾಗುತ್ತದೆ, ಅಲಾರಂ ಕೂಗುತ್ತದೆ. ಸೋಫಾ, ಹಾಸಿಗೆ, ವೈರಿನ ಪ್ಲಾಸ್ಟಿಕ್ ಉರಿ ಇಲ್ಲದೆ ಒಳಗೊಳಗೇ ಹೊಗೆಯಾಡುವಾಗ ಇದು ಬೇಗ ಹಿಡಿಯುತ್ತದೆ. ಹಳೆ ಮನೆಗಳಲ್ಲಿ ಕಾಣುವ ಇನ್ನೊಂದು ಬಗೆ ಅಯೊನೈಸೇಶನ್. ಅದರಲ್ಲಿ ಅಮೆರಿಸಿಯಂ-241 ಎಂಬ ವಿಕಿರಣ ವಸ್ತು ಚೂರೇ ಚೂರು ಇರುತ್ತದೆ, ಲೇಬಲ್ ಮೇಲೆ ವಿಕಿರಣದ ಚಿಹ್ನೆ ಕಾಣುತ್ತದೆ. ಅದು ಧಗ್ಗನೆ ಹತ್ತುವ ಬೆಂಕಿಗೆ ಚುರುಕು, ಹೊಗೆಯಾಡುವ ಬೆಂಕಿಗೆ ನಿಧಾನ. ದೋಸೆ ಹಂಚಿನ ಹೊಗೆಗಂತೂ ಕೂಗಿ ಕೂಗಿ ಪ್ರಾಣ ತೆಗೆಯುತ್ತದೆ. ಎರಡೂ ಸೆನ್ಸರ್ ಒಂದೇ ಡಬ್ಬಿಯಲ್ಲಿರುವ ಅಲಾರಂಗಳೂ ಸಿಗುತ್ತವೆ. ‘ಎರಡಿದ್ದರೆ ಇನ್ನೂ ಒಳ್ಳೇದಲ್ವಾ?’ ಅನಿಸಬಹುದು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅದು ನಡೆಯುವುದಿಲ್ಲ. ಅಯೊನೈಸೇಶನ್ ಸೆನ್ಸರ್ ಒಳಗಿರಲೇಬಾರದು ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ.

ಹೆಜ್ಜೆ 2: ಮನೆಯ ನಕ್ಷೆ ಬರೆದು ಎಣಿಸಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ಜನ ಮೊದಲು ‘ಆರರ ಪ್ಯಾಕ್’ ಕೊಂಡುಬಿಡುತ್ತಾರೆ, ಆಮೇಲೆ ಎಲ್ಲಿ ಹಾಕುವುದು ಎಂದು ಚಾವಣಿ ನೋಡುತ್ತಾರೆ. ಉಲ್ಟಾ ಮಾಡಿ. ಒಂದು ಹಾಳೆ ತೆಗೆದುಕೊಂಡು ಪ್ರತಿ ಮಹಡಿಯ ಒರಟು ನಕ್ಷೆ ಬರೆಯಿರಿ.

ಪ್ರತಿ ಬೆಡ್‌ರೂಮಿಗೆ ಒಂದು ಗುರುತು ಹಾಕಿ. ಬೆಡ್‌ರೂಮುಗಳನ್ನು ಮನೆಯ ಉಳಿದ ಭಾಗಕ್ಕೆ ಸೇರಿಸುವ ಪ್ಯಾಸೇಜ್‌ನಲ್ಲಿ ಒಂದು. ಪ್ಯಾಸೇಜ್ ಇಲ್ಲದೆ ಬೆಡ್‌ರೂಮ್ ನೇರವಾಗಿ ಲಿವಿಂಗ್‌ಗೆ ತೆರೆದುಕೊಂಡರೆ, ಆ ಬೆಡ್‌ರೂಮಿಗೂ ಅದೇ ಮಹಡಿಯ ಉಳಿದ ಭಾಗಕ್ಕೂ ನಡುವಿನ ಜಾಗದಲ್ಲಿ ಒಂದು. ಬೆಡ್‌ರೂಮೇ ಇಲ್ಲದ ಮಹಡಿ ಇದ್ದರೆ, ಅಲ್ಲಿಂದ ಹೊರಗೆ ಹೋಗಲು ಜನ ಸಾಮಾನ್ಯವಾಗಿ ಹಿಡಿಯುವ ದಾರಿಯಲ್ಲಿ ಕನಿಷ್ಠ ಒಂದು.

ಎರಡು ಮಹಡಿಯ ಮನೆ, ನಾಲ್ಕೂ ಬೆಡ್‌ರೂಮ್ ಮೇಲೆ, ಅಡಿಗೆಮನೆ ಮತ್ತು ಲಿವಿಂಗ್ ಕೆಳಗೆ ಎಂದುಕೊಳ್ಳಿ. ಬೆಡ್‌ರೂಮಿಗೆ ನಾಲ್ಕು, ಮೇಲಿನ ಪ್ಯಾಸೇಜಿಗೆ ಒಂದು, ಕೆಳಗೆ ಒಂದು, ಒಟ್ಟು ಆರು. ಒಂದೇ ಮಹಡಿಯ ಮನೆಯಲ್ಲಿ ಮಾಸ್ಟರ್ ಬೆಡ್‌ರೂಮ್ ಮುಂದಿನ ಬಾಗಿಲ ಹತ್ತಿರ, ಮಕ್ಕಳ ಕೋಣೆಗಳು ಹಿಂದೆ ಇರುವುದು ಇಲ್ಲಿ ಬಹಳ ಸಾಮಾನ್ಯ. ಆಗ ಎರಡು ಕಡೆಗೂ ಬೇರೆ ಬೇರೆ ಪ್ಯಾಸೇಜ್ ಇರುತ್ತದೆ. ನಾಲ್ಕು ಬೆಡ್‌ರೂಮ್ ಇದ್ದರೆ ಅಲ್ಲೂ ಲೆಕ್ಕ ಆರಕ್ಕೇ ಬರುತ್ತದೆ. ಕಂಬದ ಮೇಲೆ ನಿಂತ ಹಳೆ ಮರದ ಮನೆಗಳಲ್ಲಿ ಕೆಳಭಾಗವನ್ನು ಮುಚ್ಚಿ ಕೋಣೆ ಮಾಡಿಕೊಂಡಿದ್ದರೆ ಅದೂ ಒಂದು ಮಹಡಿ. ಅದನ್ನು ಬಿಡಬೇಡಿ.

ನಮ್ಮವರ ಮನೆಗಳಲ್ಲಿ ಒಂದು ವಿಶೇಷ ಇದೆ. ಅಪ್ಪ ಅಮ್ಮ ಊರಿಂದ ಆರು ತಿಂಗಳಿಗೆ ಬರುತ್ತಾರೆ. ಸ್ಟಡಿ ರೂಮಿಗೆ ಮಂಚ ಬರುತ್ತದೆ, ಮೀಡಿಯಾ ರೂಮಿಗೆ ಹಾಸಿಗೆ ಬೀಳುತ್ತದೆ. ನಕ್ಷೆಯಲ್ಲಿ ಅದು ಬೆಡ್‌ರೂಮ್ ಅಲ್ಲ ನಿಜ. ಆದರೆ ಯಾರು ಎಲ್ಲಿ ಮಲಗುತ್ತಾರೋ ಅಲ್ಲಿ ಅಲಾರಂ ಬೇಕು ಎಂದು ಎಣಿಸಿ. ಒಂದು ಅಲಾರಂ ಜಾಸ್ತಿ ಆದರೆ ಯಾರೂ ದಂಡ ಹಾಕುವುದಿಲ್ಲ.

ಅಡಿಗೆಮನೆ, ಬಚ್ಚಲು, ಗ್ಯಾರೇಜ್‌ಗೆ ಕಾನೂನು ಅಲಾರಂ ಕೇಳುವುದಿಲ್ಲ. ಅಡಿಗೆಮನೆ ಮತ್ತು ಬಚ್ಚಲಲ್ಲಿ ಸ್ಮೋಕ್ ಅಲಾರಂ ಹಾಕಬೇಡಿ, ಹೊಗೆ ಮತ್ತು ಹಬೆಗೆ ಸುಳ್ಳು ಕೂಗು ಗ್ಯಾರಂಟಿ.

ಹೆಜ್ಜೆ 3: ಚಾವಣಿಯ ಮೇಲೆ ಸರಿಯಾದ ಜಾಗ

ಅಲಾರಂ ಚಾವಣಿಯಲ್ಲಿರಬೇಕು. ಗೋಡೆ ಮತ್ತು ಚಾವಣಿ ಸೇರುವ ಮೂಲೆಯಿಂದ 300 ಮಿಲಿಮೀಟರ್ ದೂರ. ಲೈಟಿನಿಂದ 300. ಏಸಿಯ ಗಾಳಿ ಬರುವ ಬಾಯಿಯಿಂದ 400. ಸೀಲಿಂಗ್ ಫ್ಯಾನಿನ ರೆಕ್ಕೆಯ ತುದಿಯಿಂದ 400. ಮೂಲೆಯಲ್ಲಿ ಗಾಳಿ ಆಡುವುದಿಲ್ಲ, ಹೊಗೆ ಅಲ್ಲಿಗೆ ತಡವಾಗಿ ತಲುಪುತ್ತದೆ. ಫ್ಯಾನ್ ಮತ್ತು ಏಸಿಯ ಪಕ್ಕದಲ್ಲಿ ಗಾಳಿಯೇ ಹೊಗೆಯನ್ನು ಆಚೆ ತಳ್ಳಿಬಿಡುತ್ತದೆ.

ಕಾಗದದ ಮೇಲೆ ಸುಲಭ ಕಾಣುತ್ತದೆ. ಚಿಕ್ಕ ಕೋಣೆಯಲ್ಲಿ ಅಳೆದು ನೋಡಿ ಆಗ ಗೊತ್ತಾಗುತ್ತದೆ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಬೆಡ್‌ರೂಮ್. ನಡುವೆ 1300 ಮಿಲಿಮೀಟರ್ ಅಗಲದ ಫ್ಯಾನ್. ರೆಕ್ಕೆಯ ತುದಿ ನಡುವಿನಿಂದ 650ಕ್ಕೆ ಬರುತ್ತದೆ. ಅದಕ್ಕೆ 400 ಸೇರಿಸಿದರೆ 1050. ಗೋಡೆ ಇರುವುದು 1500ರಲ್ಲಿ, ಅದರಿಂದ 300 ಬಿಟ್ಟರೆ 1200. ಅಂದರೆ ನೇರ ಗೋಡೆಯ ಕಡೆಗೆ ಹೋದರೆ ನಿಮಗೆ ಸಿಗುವುದು 150 ಮಿಲಿಮೀಟರ್ ಪಟ್ಟಿ ಮಾತ್ರ. ಅಲಾರಂ ಕೂರುವುದೇ ಕಷ್ಟ. ಅದರ ಬದಲು ಕೋಣೆಯ ಮೂಲೆಯ ದಿಕ್ಕಿಗೆ ಓರೆಯಾಗಿ ಹೋಗಿ. ಎರಡೂ ಗೋಡೆಯಿಂದ 300 ಬಿಟ್ಟರೂ ಅಲ್ಲಿ ಬೇಕಾದಷ್ಟು ಜಾಗ ಇರುತ್ತದೆ. ಅಳತೆಯನ್ನು ಅಲಾರಂನ ಅಂಚಿನಿಂದ ಹಿಡಿಯಿರಿ, ನಡುವಿನಿಂದ ಬೇಡ. ಆಗ ಯಾರು ಬಂದು ಅಳೆದರೂ ಚಿಂತೆ ಇಲ್ಲ.

ಇಳಿಜಾರು ಚಾವಣಿ, ಹೊರಗೆ ಕಾಣುವ ತೊಲೆಗಳು, ಮೆಟ್ಟಿಲ ಮೇಲ್ಭಾಗ, ಇವಕ್ಕೆಲ್ಲ ಬೇರೆ ಅಳತೆಗಳಿವೆ. ನಿಮ್ಮ ಮನೆ ಈ ಥರ ಇದ್ದರೆ ಅಂದಾಜಿಗೆ ಹೋಗಬೇಡಿ. ಅಗ್ನಿಶಾಮಕ ಇಲಾಖೆಯ ‘ಸೇಫ್‌ಹೋಮ್’ ಭೇಟಿ ಉಚಿತ. ಅವರು ಬಂದು ಎಲ್ಲಿ ಹಾಕಬೇಕು ಎಂದು ಸಲಹೆ ಕೊಡುತ್ತಾರೆ. ಇಲಾಖೆ ಮನೆ ಮನೆಗೆ ಬಂದು ಅಲಾರಂ ಮಾರುವುದಿಲ್ಲ. ಹಾಗೆ ಹೇಳಿಕೊಂಡು ಬಾಗಿಲು ತಟ್ಟಿದವರಿಗೆ ನಮಸ್ಕಾರ ಹೇಳಿ ಕಳಿಸಿ.

ಹೆಜ್ಜೆ 4: ಕರೆಂಟಿನದ್ದೋ ಬ್ಯಾಟರಿಯದ್ದೋ

ಮಾಲೀಕರೇ ಇರುವ ಹಳೆ ಮನೆಗೆ ಎರಡೂ ನಡೆಯುತ್ತದೆ. ಬ್ಯಾಟರಿ ಆದರೆ ಅದು ಹತ್ತು ವರ್ಷ ಬಾಳುವ, ಬಿಚ್ಚಲು ಬರದ ಬ್ಯಾಟರಿ ಆಗಿರಬೇಕು. 9 ವೋಲ್ಟಿನ ಚೌಕ ಬ್ಯಾಟರಿ ಹಾಕುವ ಹಳೆ ಬಗೆ ಆಗುವುದಿಲ್ಲ. ಅದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಮಕ್ಕಳ ಆಟಿಕೆ ನಿಂತಾಗ ಆ ಬ್ಯಾಟರಿ ಎಲ್ಲಿಗೆ ಹೋಗುತ್ತಿತ್ತು ಹೇಳಿ?

ಒಂದು ಷರತ್ತು ಇದೆ. ಈಗ ಕರೆಂಟಿನ ಅಲಾರಂ ಇರುವ ಜಾಗದಲ್ಲಿ ಕರೆಂಟಿನದ್ದನ್ನೇ ಹಾಕಬೇಕು. ಅದನ್ನು ತೆಗೆದು ಬ್ಯಾಟರಿಯದ್ದಕ್ಕೆ ಇಳಿಯುವ ಹಾಗಿಲ್ಲ. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಬೇಕು. ಊರಲ್ಲಿ ಸ್ವಿಚ್ ಬೋರ್ಡ್ ನಾವೇ ಬಿಚ್ಚಿ ಕೂಡಿಸಿದ ಧೈರ್ಯ ಇಲ್ಲಿ ಬೇಡ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಲೈಸೆನ್ಸ್ ಇಲ್ಲದೆ ವೈರಿಂಗ್ ಮುಟ್ಟುವುದೇ ಅಪರಾಧ.

ಜೋಡಣೆ ವೈರಿನಲ್ಲೂ ಆಗಬಹುದು, ವೈರ್‌ಲೆಸ್ ಆಗಿಯೂ ಆಗಬಹುದು. ಹಳೆ ಮನೆಗೆ ವೈರ್‌ಲೆಸ್ ಸುಲಭ, ಚಾವಣಿಯೊಳಗೆ ಹೊಸ ವೈರ್ ಎಳೆಯುವ ತಾಪತ್ರಯ ಇಲ್ಲ. ಪ್ಯಾಸೇಜಿನಲ್ಲಿ ಕರೆಂಟಿನದ್ದು ಒಂದು, ಕೋಣೆಗಳಲ್ಲಿ ಬ್ಯಾಟರಿಯದ್ದು ಎಂದು ಬೆರೆಸಲೂ ಬಹುದು. ಆದರೆ ಎಲ್ಲವೂ ಒಂದೇ ಕಂಪನಿಯ, ಒಂದಕ್ಕೊಂದು ಹೊಂದುವ ಮಾಡೆಲ್ ಆಗಿರಲಿ. ಬೇರೆ ಬೇರೆ ಕಂಪನಿಯ ವೈರ್‌ಲೆಸ್ ಅಲಾರಂಗಳು ಒಂದರ ಮಾತು ಒಂದು ಕೇಳುವುದಿಲ್ಲ. ಸೇಲ್‌ನಲ್ಲಿ ಅಲ್ಲಿ ಎರಡು, ಇಲ್ಲಿ ಎರಡು ಕೊಂಡವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಹೊಸದಾಗಿ ಕಟ್ಟುವ ಅಥವಾ ದೊಡ್ಡದಾಗಿ ನವೀಕರಿಸುವ ಮನೆಗೆ ಈ ಆಯ್ಕೆ ಇಲ್ಲ, ಎಲ್ಲವೂ ಕರೆಂಟಿನದ್ದೇ ಆಗಬೇಕು.

ಹೆಜ್ಜೆ 5: ಹಾಕುವುದು, ಪರೀಕ್ಷಿಸುವುದು

ಬ್ಯಾಟರಿಯ ಅಲಾರಂ ನೀವೇ ಹಾಕಬಹುದು. ಏಣಿ ಹತ್ತುವ ಮೊದಲು ಎಲ್ಲವನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಜೋಡಣೆ ಮುಗಿಸಿ. ಪ್ರತಿ ಕಂಪನಿಯದ್ದೂ ಬೇರೆ ವಿಧಾನ, ಕೈಪಿಡಿ ನೋಡಿಯೇ ಮಾಡಿ. ಜೋಡಣೆಯಾದ ಮೇಲೆ ಪ್ರತಿಯೊಂದರ ಬದಿಯಲ್ಲಿ ಮಾರ್ಕರ್‌ನಿಂದ ಕೋಣೆಯ ಹೆಸರು ಮತ್ತು ಬದಲಿಸಬೇಕಾದ ವರ್ಷ ಬರೆಯಿರಿ. ಆಮೇಲೆ ತಳಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿ ಮಾಡಿ. ಪ್ಲಾಸ್ಟರ್‌ಬೋರ್ಡ್ ಚಾವಣಿಗೆ ಅದಕ್ಕೆಂದೇ ಇರುವ ಪ್ಲಗ್ ಬಳಸಿ.

ಪರೀಕ್ಷೆ ಮಾಡುವಾಗ ಒಂದರ ಬಟನ್ ಒತ್ತಿ, ಎಲ್ಲ ಕೋಣೆಗೂ ಓಡಾಡಿ, ಎಲ್ಲವೂ ಕೂಗುತ್ತಿವೆಯೇ ಎಂದು ಕೇಳಿಸಿಕೊಳ್ಳಿ. ಆಮೇಲೆ ಮನೆಯ ಆಚೆ ತುದಿಯಲ್ಲಿರುವುದನ್ನು ಒತ್ತಿ ಇನ್ನೊಮ್ಮೆ ನೋಡಿ. ಕೆಳಮಹಡಿಯ ಮೂಲೆಯದ್ದೇ ಸಾಮಾನ್ಯವಾಗಿ ಕೈಕೊಡುವುದು, ನಡುವೆ ಕಾಂಕ್ರೀಟ್ ಇದ್ದರಂತೂ ಜಾಸ್ತಿ. ಬಾಗಿಲು ಹಾಕಿಕೊಂಡೂ ಪರೀಕ್ಷಿಸಿ, ರಾತ್ರಿ ಹಾಗೇ ತಾನೇ ಮಲಗುವುದು.

ಒಗ್ಗರಣೆ, ಅಗರಬತ್ತಿ, ಹೋಮ

ಈ ಮನೆಗಳನ್ನು ಕಟ್ಟಿದವರು ಬ್ಯಾಡಗಿ ಮೆಣಸಿನಕಾಯಿಯ ಘಾಟು ನೋಡಿದವರಲ್ಲ. ತೆರೆದ ಅಡಿಗೆಮನೆ, ಪಕ್ಕದಲ್ಲೇ ಲಿವಿಂಗ್, ಅಲ್ಲೇ ಪ್ಯಾಸೇಜ್. ಹಾಗಾಗಿ ಪ್ಯಾಸೇಜಿನ ಅಲಾರಂ ಅನ್ನು ನಿಯಮದ ಒಳಗೇ ಆದಷ್ಟು ಬೆಡ್‌ರೂಮಿನ ಕಡೆಗೆ ಸರಿಸಿ ಹಾಕಿ. ಒಲೆಯ ಮೇಲಿನ ರೇಂಜ್‌ಹುಡ್ ಹೊಗೆಯನ್ನು ಹೊರಗೆ ಬಿಡುತ್ತದೆಯೇ, ಇಲ್ಲ ಫಿಲ್ಟರ್ ದಾಟಿಸಿ ಮತ್ತೆ ಮನೆಯೊಳಕ್ಕೇ ಬಿಡುತ್ತದೆಯೇ ನೋಡಿ. ಎರಡನೆಯ ಬಗೆ ಆದರೆ ಒಗ್ಗರಣೆಗೆ ಮೊದಲೇ ಕಿಟಕಿ ತೆರೆಯಿರಿ. ಸುಳ್ಳು ಕೂಗು ಬಂದರೆ ಹಶ್ ಬಟನ್ ಇದೆ, ಒತ್ತಿದರೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಅಲಾರಂಗೆ ಶವರ್ ಕ್ಯಾಪ್ ಹಾಕುವ ಉಪಾಯ ಬೇಡವೇ ಬೇಡ. ಹಾಕಿದ್ದು ನೆನಪಿರುತ್ತದೆ, ತೆಗೆಯುವುದು ಮರೆತುಹೋಗುತ್ತದೆ.

ದೇವರ ಮುಂದಿನ ದೀಪ, ಎರಡು ಊದಿನಕಡ್ಡಿಗೆ ಫೋಟೋಎಲೆಕ್ಟ್ರಿಕ್ ಅಲಾರಂ ಸಾಮಾನ್ಯವಾಗಿ ಕೂಗುವುದಿಲ್ಲ, ಅದರ ಕೆಳಗೇ ಹಚ್ಚದಿದ್ದರೆ. ಧೂಪ ಮತ್ತು ಕರ್ಪೂರ ಜಾಸ್ತಿಯಾದರೆ ಕೂಗಬಹುದು. ಗೃಹಪ್ರವೇಶದ ಹೋಮ ಬೇರೆಯೇ ಮಾತು. ಹೋಮಕ್ಕೆಂದು ಎಲ್ಲ ಅಲಾರಂ ಇಳಿಸಿ ಡ್ರಾಯರ್‌ಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಉರಿಯುವ ಬೆಂಕಿ, ತುಪ್ಪ, ರೇಷ್ಮೆ ಸೀರೆ, ಓಡಾಡುವ ಮಕ್ಕಳು ಎಲ್ಲ ಒಟ್ಟಿಗೆ ಇರುವ ದಿನ ಅದು. ಪುರೋಹಿತರನ್ನು ಕೇಳಿ ಹಿಂದಿನ ಪ್ಯಾಟಿಯೋದಲ್ಲಿ ಕುಂಡ ಇಡಿಸಿ. ಬಹಳಷ್ಟು ಪುರೋಹಿತರಿಗೆ ಇದು ಅಭ್ಯಾಸವಾಗಿದೆ.

ಅಪಾರ್ಟ್‌ಮೆಂಟ್‌ನಲ್ಲಿದ್ದರೆ

ನಿಮ್ಮ ಯೂನಿಟ್ ಒಳಗಿನ ಅಲಾರಂಗಳು ನಿಮ್ಮೊಳಗೇ ಜೋಡಣೆಯಾದರೆ ಸಾಕು, ಪಕ್ಕದ ಮನೆಗೆ ಬೇಕಿಲ್ಲ. ಕಾರಿಡಾರಿನಲ್ಲಿರುವ ಕಟ್ಟಡದ ಫೈರ್ ಸಿಸ್ಟಂ ಬೇರೆ, ಅದು ಬಾಡಿ ಕಾರ್ಪೊರೇಟ್, ಅಂದರೆ ಕಟ್ಟಡದ ಮಾಲೀಕರ ಸಂಘದ ಜವಾಬ್ದಾರಿ. ಒಂದು ಎಚ್ಚರಿಕೆ: ಒಳಗೆ ಬರೀ ಅಡಿಗೆಯ ಹೊಗೆ ತುಂಬಿದಾಗ ಮುಂಬಾಗಿಲು ತೆರೆಯಬೇಡಿ. ಹೊಗೆ ಕಾರಿಡಾರಿಗೆ ಹೋದರೆ ಇಡೀ ಕಟ್ಟಡದ ಅಲಾರಂ ಹೊಡೆದುಕೊಂಡು ಅಗ್ನಿಶಾಮಕ ವಾಹನವೇ ಬಂದು ನಿಲ್ಲುತ್ತದೆ. ಇಂಥ ಸುಳ್ಳು ಕರೆಗೆ ಇಲಾಖೆ ಶುಲ್ಕ ಹಾಕಬಹುದು. ಕಿಟಕಿ, ಬಾಲ್ಕನಿ ಬಾಗಿಲು ತೆರೆಯಿರಿ. ನಿಜವಾದ ಬೆಂಕಿ ಆದರೆ ಈ ಮಾತು ಮರೆತುಬಿಡಿ, ಬಾಗಿಲು ತೆರೆದು ಹೊರಗೆ ಓಡಿ, ಹಿಂದೆ ಬಾಗಿಲು ಎಳೆದುಕೊಳ್ಳಿ.

ಬಾಡಿಗೆ ಮತ್ತು ಮಾರಾಟ

ಬಾಡಿಗೆಗೆ ಕೊಡುವವರು ಹೊಸ ಬಾಡಿಗೆ ಶುರುವಾಗುವ ಅಥವಾ ನವೀಕರಣವಾಗುವ ಮೊದಲಿನ 30 ದಿನದೊಳಗೆ ಪ್ರತಿ ಅಲಾರಂ ಅನ್ನು ಪರೀಕ್ಷಿಸಿ ಸ್ವಚ್ಛ ಮಾಡಿರಬೇಕು. ಬಾಡಿಗೆಗೆ ಇರುವವರು 12 ತಿಂಗಳಿಗೆ ಒಮ್ಮೆಯಾದರೂ ಪರೀಕ್ಷಿಸಿ ಸ್ವಚ್ಛ ಮಾಡಬೇಕು. ಕೆಟ್ಟಿದ್ದರೆ ಮಾಲೀಕರಿಗೆ ತಿಳಿಸಬೇಕು. ಫೋನಿನಲ್ಲಿ ಹೇಳಿ ಬಿಡಬೇಡಿ, ಇಮೇಲ್ ಹಾಕಿ. ಇಬ್ಬರೂ ಅಲಾರಂ ಅನ್ನು ಕಳಚಿಡುವ, ಕೆಡಿಸುವ ಹಾಗಿಲ್ಲ. ಹೊಸದಾಗಿ ಬಂದು ಬಾಡಿಗೆ ಮನೆ ಹಿಡಿದವರು ಮೊದಲ ದಿನವೇ ಬಟನ್ ಒತ್ತಿ ನೋಡಿ. ಒಂದೇ ಒಂದು ಅಲಾರಂ ಕೂಗಿ ಉಳಿದವು ಸುಮ್ಮನಿದ್ದರೆ ಆ ಮನೆ ಕಾನೂನಿಗೆ ತಕ್ಕಂತಿಲ್ಲ. ಅದನ್ನು ಎಂಟ್ರಿ ಕಂಡಿಷನ್ ರಿಪೋರ್ಟ್‌ನಲ್ಲೇ, ಅಂದರೆ ಮನೆ ಹಿಡಿಯುವಾಗ ಅದರ ಸ್ಥಿತಿ ದಾಖಲಿಸುವ ಪತ್ರದಲ್ಲೇ ಬರೆದುಬಿಡಿ.

ಮನೆ ಮಾರುವವರಿಗೆ 2027ರ ಗಡುವು ಅನ್ವಯಿಸುವುದಿಲ್ಲ. ಮಾರುವ ಮನೆಯಲ್ಲಿ ಈಗಲೇ ಎಲ್ಲವೂ ಸರಿ ಇರಬೇಕು.

ಹಾಕಿದ ಮೇಲೆ

ತಿಂಗಳಿಗೊಮ್ಮೆ ಬಟನ್ ಒತ್ತಿ. ಆರು ತಿಂಗಳಿಗೊಮ್ಮೆ ವ್ಯಾಕ್ಯೂಮ್‌ನ ಬ್ರಷ್‌ನಿಂದ ಸುತ್ತಲಿನ ಧೂಳು ಎಳೆಯಿರಿ. ಬ್ರಿಸ್ಬೇನ್‌ನ ಬೇಸಿಗೆಯಲ್ಲಿ ಸಣ್ಣ ಹುಳುಗಳು ಒಳಗೆ ಹೊಕ್ಕು ಬೆಳಕಿನ ಕಿರಣಕ್ಕೆ ಅಡ್ಡ ಬರುತ್ತವೆ. ಹೊಗೆ ಇಲ್ಲದೆ ನಡುರಾತ್ರಿ ಕೂಗಿದ್ದಕ್ಕೆ ಎಷ್ಟೋ ಸಲ ಅವೇ ಕಾರಣ. ಹುಳುವಿನ ಸ್ಪ್ರೇಯನ್ನು ಅಲಾರಂ ಮೇಲೆ ನೇರವಾಗಿ ಹೊಡೆಯಬೇಡಿ, ಸೆನ್ಸರ್ ಹಾಳಾಗುತ್ತದೆ. ಆಗಾಗ ‘ಚಿಕ್’ ಎಂದು ಒಂದೇ ಸದ್ದು ಬಂದರೆ ಅದು ಬ್ಯಾಟರಿ ಮುಗಿಯುತ್ತಿರುವ ಸೂಚನೆ. ಇದು ಬೆಳಗಿನ ಜಾವವೇ ಶುರುವಾಗುವುದು ಕಾಕತಾಳೀಯ ಅಲ್ಲ. ತಣ್ಣಗಾದಾಗ ಬ್ಯಾಟರಿಯ ವೋಲ್ಟೇಜ್ ಇಳಿಯುತ್ತದೆ.

ಕಿವಿ ಮಂದವಾದ ಹಿರಿಯರಿದ್ದರೆ ಮಿಂಚುವ ದೀಪ ಮತ್ತು ದಿಂಬಿನ ಕೆಳಗೆ ನಡುಗುವ ಪ್ಯಾಡ್ ಇರುವ ಅಲಾರಂ ಸಿಗುತ್ತದೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಆ ಸದ್ದನ್ನು ಮೊದಲ ವಾರವೇ ಒಮ್ಮೆ ಕೇಳಿಸಿ. ಹಿಂದೆಂದೂ ಕೇಳದವರು ಅದನ್ನು ಕುಕ್ಕರ್ ಟೈಮರ್ ಎಂದುಕೊಂಡು ಮಲಗಿಯೇ ಇರಬಹುದು. ತುರ್ತು ನಂಬರ್ 000, ಊರಿನ 101 ಅಲ್ಲ. ಕರೆ ಎತ್ತಿದವರು ಮೊದಲು ಪೊಲೀಸ್, ಫೈರ್, ಆಂಬ್ಯುಲೆನ್ಸ್ ಯಾವುದು ಬೇಕು ಎಂದು ಕೇಳುತ್ತಾರೆ. ‘ಫೈರ್’ ಎಂದು ಹೇಳಿ ಆಮೇಲೆ ವಿಳಾಸ ಹೇಳಬೇಕು. ವಿಳಾಸವನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ಬರೆದು ಫ್ರಿಜ್ ಮೇಲೆ ಅಂಟಿಸಿ. ಕಳ್ಳರ ಭಯಕ್ಕೆ ಒಳಗಿನಿಂದ ಬೀಗ ಹಾಕುವ ಸೆಕ್ಯುರಿಟಿ ಬಾಗಿಲು ಇದ್ದರೆ ರಾತ್ರಿ ಕೀಲಿ ಬಾಗಿಲ ಹತ್ತಿರವೇ, ಮನೆಯವರಿಗೆಲ್ಲ ಗೊತ್ತಿರುವ ಜಾಗದಲ್ಲಿ ಇರಲಿ.

ರಸೀದಿ, ಮಾಡೆಲ್ ನಂಬರ್ ಮತ್ತು ಪ್ರತಿ ಅಲಾರಂನ ತಯಾರಾದ ತಾರೀಖಿನ ಫೋಟೋ ಒಂದು ಫೋಲ್ಡರ್‌ನಲ್ಲಿಡಿ. ನಾಳೆ ಮನೆ ಮಾರಿದರೂ ಬಾಡಿಗೆಗೆ ಕೊಟ್ಟರೂ ಕೇಳುವುದು ಇವನ್ನೇ. ಒಂದು ಅಲಾರಂ ಮಧ್ಯದಲ್ಲಿ ಕೆಟ್ಟರೆ ಅದಕ್ಕೆ ಹೊಂದುವ ಇನ್ನೊಂದನ್ನು ತರಲೂ ಆ ಮಾಡೆಲ್ ನಂಬರೇ ಬೇಕು.